ಹದಿಹರೆಯದ ನಮ್ಮ ಮಕ್ಕಳು ಮತ್ತು ಫೋನ್: ಮಲೆನಾಡಿನ ಕ್ರೈಸ್ತ ಮನೆಗಳಲ್ಲಿ ಏನು ಮಾಡಬಹುದು?

ಧರ್ಮೋಪದೇಶ ಟೀಚರ್, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯ ಒಂದು ಚರ್ಚಿನಲ್ಲಿ ಎಂಟರಿಂದ ಹತ್ತನೇ ಕ್ಲಾಸಿನ ಮಕ್ಕಳಿಗೆ ಧರ್ಮೋಪದೇಶ ಪಾಠ ಮಾಡುತ್ತೇನೆ. ಭಾನುವಾರ ಪೂಜೆ ಮುಗಿದ ಮೇಲೆ ಯಾರಾದರೊಬ್ಬ ತಾಯಿ ನನ್ನನ್ನು ಪಕ್ಕಕ್ಕೆ ಕರೆಯುತ್ತಾರೆ. "ಟೀಚರ್, ಇವನಿಗೆ ಫೋನ್ ವಿಷಯದಲ್ಲಿ ಸ್ವಲ್ಪ ಬುದ್ಧಿ ಹೇಳಿ" ಅನ್ನುತ್ತಾರೆ. ಬುದ್ಧಿ ಹೇಳಬಹುದು, ಕಷ್ಟವೇನಿಲ್ಲ. ಆದರೆ ಬರೀ ಬುದ್ಧಿಮಾತಿನಿಂದ ಆಗುವ ಕೆಲಸ ಇದಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನಮ್ಮ ಕಡೆಯ ಪರಿಸ್ಥಿತಿ ಪೇಟೆಯ ಹಾಗಲ್ಲ. ತೋಟದ ನಡುವೆ ಒಂಟಿ ಮನೆ. ಅದರಲ್ಲೂ ನಮ್ಮವರು ಇನ್ನೂ ಚದುರಿ ಹೋಗಿದ್ದಾರೆ, ಕೆಲವು ಊರುಗಳಲ್ಲಿ ಒಂದೋ ಎರಡೋ ಕ್ರೈಸ್ತ ಮನೆ ಅಷ್ಟೇ. ಸಂಜೆ ಬಸ್ ಇಳಿದು ಮಳೆಯಲ್ಲಿ ನಡೆದು ಮನೆ ಸೇರಿದ ಹುಡುಗನಿಗೆ ಮರುದಿನ ಬೆಳಿಗ್ಗೆವರೆಗೆ ತನ್ನ ವಯಸ್ಸಿನ ಒಬ್ಬರ ಮುಖವೂ ಕಾಣುವುದಿಲ್ಲ. ಫೋನ್ ಒಂದೇ ಜೊತೆ. ಇದನ್ನು ಯೋಚಿಸದೆ "ಫೋನ್ ಬಿಡು" ಅಂದರೆ ಅವನ ಕಿವಿಗೆ "ಗೆಳೆಯರನ್ನು ಬಿಡು" ಅಂತಲೇ ಕೇಳಿಸುತ್ತದೆ. 2020ರಲ್ಲಿ ಆನ್‌ಲೈನ್ ಕ್ಲಾಸಿಗೆ ನೆಟ್‌ವರ್ಕ್ ಹುಡುಕುತ್ತಾ ಇದೇ ಮಕ್ಕಳು, ಇವರ ಅಕ್ಕ ಅಣ್ಣಂದಿರು ಗುಡ್ಡ ಹತ್ತಿದ್ದು ನೆನಪಿದೆ ಅಲ್ವಾ? ಫೋನ್ ಹಿಡಿಯಿರಿ ಅಂತ ಆಗ ಹೇಳಿದವರೂ ನಾವು ದೊಡ್ಡವರೇ.

ಇನ್ನೊಂದು ವಿಷಯ. ಎಸ್ಸೆಸ್ಸೆಲ್ಸಿ ಆದ ಮೇಲೆ ಮಕ್ಕಳು ಶಿವಮೊಗ್ಗಕ್ಕೋ ಮಂಗಳೂರಿಗೋ ಮೂಡುಬಿದಿರೆಗೋ ಹೋಗುತ್ತಾರೆ. ಹಾಸ್ಟೆಲಿಗೆ ಬಿಡುವಾಗ ಹೊಸ ಫೋನ್ ಕೊಡಿಸುತ್ತೇವೆ. ಅಲ್ಲಿವರೆಗೆ ಅಪ್ಪನ ಫೋನನ್ನು ಕದ್ದು ನೋಡುತ್ತಿದ್ದ ಮಗುವಿಗೆ ಒಂದೇ ದಿನದಲ್ಲಿ ಸ್ವಂತ ಫೋನ್, ಸ್ವಂತ ರೂಮು. ಅಭ್ಯಾಸ ಕಲಿಸುವುದಿದ್ದರೆ ಅದಕ್ಕೆ ಎರಡು ವರ್ಷ ಮೊದಲೇ, ಮನೆಯಲ್ಲೇ ಕಲಿಸಬೇಕು.

ಆದರೆ ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ ಇರುವುದು ಬೇರೆ. ನಮ್ಮ ಮಕ್ಕಳು ಪಾಪದ ಬಗ್ಗೆ ಚಿಕ್ಕಂದಿನಿಂದ ಕೇಳಿ ಬೆಳೆದಿರುತ್ತಾರೆ. ಅದು ಒಳ್ಳೆಯದೇ, ನಾನೇ ಅದನ್ನು ಕಲಿಸುತ್ತೇನೆ. ಆದರೆ ಫೋನಿನಲ್ಲಿ ಏನೋ ಕೆಟ್ಟದ್ದು ಕಂಡಾಗ, ಯಾರೋ ಕೆಟ್ಟದಾಗಿ ಮಾತಾಡಿದಾಗ ಮಗು ಮೊದಲು ಮಾಡುವುದು ಅದನ್ನು ಮುಚ್ಚಿಡುವುದು. ಹೇಳಿದರೆ ಬೈಗುಳ. ಫೋನ್ ಹೋಗುತ್ತದೆ. ಫಾದರ್‌ಗೆ ಗೊತ್ತಾಗುತ್ತದೆ. ಚರ್ಚಿನಲ್ಲಿ ನಾಲ್ಕು ಜನ ಮಾತಾಡಿಕೊಳ್ಳುತ್ತಾರೆ. ಹೀಗೆ ಲೆಕ್ಕ ಹಾಕಿ ಸುಮ್ಮನಾಗುತ್ತದೆ. ನಿಜವಾದ ಅಪಾಯ ಶುರುವಾಗುವುದು ಅಲ್ಲಿಂದ. ಮಗು ತಾನಾಗಿ ಬಂದು ಹೇಳುವಂಥ ಮನೆ, ಚರ್ಚು ನಮ್ಮದಾಗಬೇಕಾದರೆ ಏನು ಮಾಡಬೇಕು? ನಿಮ್ಮ ಮನೆಯಲ್ಲಿ ನಡೆಯುವುದನ್ನು ಹೇಳಿ.

ತೋಟದ ಮನೆ ಅಪ್ಪ, ಹೊಸನಗರ

ಟೀಚರ್, ನಿಮ್ಮ ಮೇಲೆ ಗೌರವ ಇದೆ. ಆದರೆ ಇಷ್ಟೆಲ್ಲ ಯಾಕೆ ಬೇಕು? ಪಿಯುಸಿ ಮುಗಿಯುವವರೆಗೆ ಸ್ಮಾರ್ಟ್‌ಫೋನೇ ಬೇಡ. ಕೀಪ್ಯಾಡ್ ಫೋನ್ ಸಾಕು. 2025ರ ಡಿಸೆಂಬರ್ 10ರಿಂದ ಆಸ್ಟ್ರೇಲಿಯಾದಲ್ಲಿ ಹದಿನಾರು ತುಂಬದ ಮಕ್ಕಳಿಗೆ ಸೋಶಿಯಲ್ ಮೀಡಿಯಾ ಅಕೌಂಟೇ ಇಲ್ಲ ಅಂತ ಕಾನೂನು ಮಾಡಿದ್ದಾರೆ. ಅಷ್ಟು ಮುಂದುವರಿದ ದೇಶವೇ ಬೇಡ ಅಂದ ಮೇಲೆ ನಮಗೇಕೆ?

ಸಂಡೇ ಸ್ಕೂಲ್ ಅಕ್ಕ, ಸಾಗರ

ಅಣ್ಣಾ, ನಿಮ್ಮ ಆತಂಕ ನನಗೂ ಇದೆ. ಆದರೆ ಆಸ್ಟ್ರೇಲಿಯಾದ ಕಾನೂನು ಫೋನನ್ನು ಬೇಡ ಅಂದಿಲ್ಲ, ಅಕೌಂಟನ್ನು ಬೇಡ ಅಂದಿದೆ. ದಂಡ ಬೀಳುವುದೂ ಕಂಪನಿಗಳಿಗೆ, ಮಕ್ಕಳಿಗಲ್ಲ, ತಂದೆತಾಯಿಗಳಿಗೂ ಅಲ್ಲ. ನಮ್ಮಲ್ಲಿ ಸ್ಕೂಲಿನ ಹೋಂವರ್ಕ್ ವಾಟ್ಸಾಪ್‌ನಲ್ಲಿ ಬರುತ್ತದೆ. ಕಾಲೇಜಿನ ನೋಟ್ಸೂ ಅಲ್ಲೇ. ಕೀಪ್ಯಾಡ್ ಫೋನ್ ಕೊಟ್ಟರೆ ಮಗು ಪಕ್ಕದವಳ ಫೋನಿನಲ್ಲಿ ನೋಡುತ್ತದೆ. ಆಗ ಅದು ಏನು ನೋಡುತ್ತಿದೆ ಅಂತ ನಮಗೆ ಗೊತ್ತೇ ಆಗುವುದಿಲ್ಲ.

ನಾನು ಸಿಎಸ್ಐ ಅನ್ನುವ ಪ್ರೊಟೆಸ್ಟೆಂಟ್ ಸಭೆಯವಳು. ನಮ್ಮ ಯುವಜನರ ಕೂಟದಲ್ಲಿ ಬೈಬಲಿನ ಎಫೆಸದವರಿಗೆ ಬರೆದ ಪತ್ರದ ಆರನೇ ಅಧ್ಯಾಯ ಓದುತ್ತಿದ್ದೆವು. ಮಕ್ಕಳು ತಂದೆತಾಯಿಯ ಮಾತು ಕೇಳಬೇಕು ಅನ್ನುವ ವಾಕ್ಯ ಎಲ್ಲರಿಗೂ ಬಾಯಿಪಾಠ. ಮಕ್ಕಳಿಗೆ ಸಿಟ್ಟು ಬರಿಸಬೇಡಿ ಅಂತ ತಂದೆಯರಿಗೆ ಹೇಳುವ ನಾಲ್ಕನೇ ವಾಕ್ಯ ಬಂದಾಗ ಮಕ್ಕಳೆಲ್ಲ ತಲೆ ಎತ್ತಿ ನೋಡಿದರು. ಆ ಎರಡೂ ಮಾತು ಒಂದೇ ಜಾಗದಲ್ಲಿವೆ. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದರೆ ಆಗುವುದಿಲ್ಲ.

ಮೊಬೈಲ್ ಅಂಗಡಿ ಅಣ್ಣ, ಶಿವಮೊಗ್ಗ

ಈ ವಿಷಯದಲ್ಲಿ ನಾನು ದಿನಾ ನೋಡುವುದನ್ನು ಹೇಳುತ್ತೇನೆ. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ವಾರ ಅಪ್ಪ, ಅಮ್ಮ, ಮಗ ಮೂವರೂ ಅಂಗಡಿಗೆ ಬರುತ್ತಾರೆ. ಫೋನ್ ಆರಿಸುತ್ತಾರೆ. ಗ್ಲಾಸ್ ಹಾಕಿಸುತ್ತಾರೆ, ಕವರ್ ಹಾಕಿಸುತ್ತಾರೆ. ಅಕೌಂಟ್ ಮಾಡುವಾಗ ಹುಟ್ಟಿದ ತಾರೀಕು ಕೇಳುತ್ತದೆ. ಆಗ ಅಪ್ಪನೇ "ಯಾವುದೋ ಒಂದು ಹಾಕಿ, 2000 ಅಂತ ಹಾಕಿಬಿಡಿ" ಅನ್ನುತ್ತಾರೆ. ಇನ್ನು ಕೆಲವು ಮಕ್ಕಳು ಹತ್ತು ಹನ್ನೊಂದು ವರ್ಷಕ್ಕೇ ಅಪ್ಪನ ಫೋನಿನಲ್ಲಿ ಇನ್‌ಸ್ಟಾಗ್ರಾಂ ಅಕೌಂಟ್ ಮಾಡಿಕೊಂಡಿರುತ್ತಾರೆ. ಹದಿಮೂರು ಆಗದೆ ಅಕೌಂಟ್ ಕೊಡುವುದಿಲ್ಲ ಅಂತ ವರ್ಷ ಸುಳ್ಳು ಹಾಕಿರುತ್ತಾರೆ.

ಇದು ಸಣ್ಣ ವಿಷಯ ಅಲ್ಲ. ಇನ್‌ಸ್ಟಾಗ್ರಾಂನವರು 2024ರಲ್ಲಿ ಟೀನ್ ಅಕೌಂಟ್ ಅಂತ ತಂದರು, 2025ರಲ್ಲಿ ಅದು ನಮ್ಮ ದೇಶಕ್ಕೂ ಬಂತು. ಹದಿನೆಂಟರ ಒಳಗಿನ ಮಗು ಅಂತ ಗೊತ್ತಾದರೆ ಅಕೌಂಟ್ ತಾನಾಗಿ ಪ್ರೈವೇಟ್ ಆಗುತ್ತದೆ. ಪರಿಚಯ ಇಲ್ಲದವರು ಮೆಸೇಜ್ ಕಳಿಸುವ ಹಾಗಿಲ್ಲ. ರಾತ್ರಿ ಹತ್ತರಿಂದ ಬೆಳಿಗ್ಗೆ ಏಳರವರೆಗೆ ನೋಟಿಫಿಕೇಶನ್ ಸದ್ದು ಮಾಡುವುದಿಲ್ಲ. ದಿನಕ್ಕೆ ಒಂದು ಗಂಟೆ ಆದ ಮೇಲೆ ಸಾಕು ಅಂತ ನೆನಪಿಸುತ್ತದೆ. ಹದಿನಾರರ ಒಳಗಿನವರು ಇದನ್ನು ಸಡಿಲ ಮಾಡಬೇಕಾದರೆ ತಂದೆ ಅಥವಾ ತಾಯಿಯ ಒಪ್ಪಿಗೆ ಬೇಕು. ಇಷ್ಟೆಲ್ಲ ಸುಮ್ನೆ ಸಿಗುತ್ತದೆ. ಆದರೆ ನೀವು 2000 ಅಂತ ಹಾಕಿದ್ದರೆ ಇನ್‌ಸ್ಟಾಗ್ರಾಂ ಪಾಲಿಗೆ ನಿಮ್ಮ ಮಗ ಇಪ್ಪತ್ತೈದು ದಾಟಿದ ಗಂಡಸು. ಅವನಿಗೆ ತೋರಿಸುವುದೂ ಅದಕ್ಕೆ ತಕ್ಕ ಹಾಗೇ ಇರುತ್ತದೆ.

ಸುಳ್ಳು ಹೇಳಬಾರದು ಅಂತ ಕಲಿಸುವ ಮನೆಯಲ್ಲಿ ಮಗುವಿನ ಮೊದಲ ಅಕೌಂಟೇ ಸುಳ್ಳಿನಿಂದ ಶುರುವಾಗಬಾರದು. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಹುಟ್ಟಿದ ವರ್ಷ ಸರಿ ಮಾಡಿ. ಬೇರೆ ಯಾವ ಆ್ಯಪ್ ಹಾಕುವ ಮೊದಲೂ ಇದು ಆಗಬೇಕು.

ಆಮೇಲೆ ಗೂಗಲ್‌ನ ಫ್ಯಾಮಿಲಿ ಲಿಂಕ್ ಇದೆ. ದಿನಕ್ಕೆ ಎಷ್ಟು ಹೊತ್ತು, ರಾತ್ರಿ ಎಷ್ಟಕ್ಕೆ ಬಂದ್, ಯಾವ ಆ್ಯಪ್ ಬೇಕು ಅಂತ ತಂದೆತಾಯಿ ತಮ್ಮ ಫೋನಿನಿಂದಲೇ ನೋಡಬಹುದು. ಹದಿಹರೆಯದವರ ಅಕೌಂಟಿಗೆ ಹೊಸದಾಗಿ ಇದನ್ನು ಸೇರಿಸಬೇಕಾದರೆ ಮಗುವೂ ಒಪ್ಪಬೇಕು. ಕದ್ದು ಹಾಕುವ ಹಾಗಿಲ್ಲ. ಇದು ಒಳ್ಳೆಯದು ಅಂತಲೇ ನಾನು ಹೇಳುವುದು. ಒಪ್ಪಿಸಬೇಕಾದರೆ ಕೂತು ಮಾತಾಡಲೇಬೇಕಲ್ಲ. ಮಗನ ಫೋನಿಗೆ ಗೊತ್ತಾಗದ ಹಾಗೆ ಏನಾದರೂ ಹಾಕಿಕೊಡಿ ಅಂತ ಕೇಳಿಕೊಂಡು ಬರುವವರಿಗೆ ನಾನು ಹಾಕಿಕೊಡುವುದಿಲ್ಲ. ಒಂದು ದಿನ ಅದು ಗೊತ್ತಾಗಿಯೇ ಆಗುತ್ತದೆ. ಆಮೇಲೆ ಆ ಮಗು ನಿಮಗೆ ಏನನ್ನೂ ಹೇಳುವುದಿಲ್ಲ.

ತೋಟದ ಮನೆ ಅಪ್ಪ, ಹೊಸನಗರ

ಹುಟ್ಟಿದ ವರ್ಷ ತಿದ್ದಲು ಏನಾದರೂ ದಾಖಲೆ ಕೇಳುತ್ತದಾ?

ಮೊಬೈಲ್ ಅಂಗಡಿ ಅಣ್ಣ, ಶಿವಮೊಗ್ಗ

ಕೆಲವು ಸಲ ಕೇಳಬಹುದು ಸರ್. ಮಗುವಿನ ಗುರುತಿನ ಚೀಟಿ ಕೈಯಲ್ಲಿ ಇಟ್ಟುಕೊಳ್ಳಿ.

ಸೆಕೆಂಡ್ ಪಿಯುಸಿ ಹುಡುಗಿ

ದೊಡ್ಡವರ ನಡುವೆ ಮಾತಾಡುತ್ತಿದ್ದೇನೆ, ಬೇಜಾರಾಗಬೇಡಿ. ನಾನು ಹಾಸ್ಟೆಲ್‌ನಲ್ಲಿದ್ದೇನೆ. ನನಗೆ ನಡೆದದ್ದನ್ನು ಹೇಳುತ್ತೇನೆ, ಬೇರೆ ಹುಡುಗಿಯರಿಗೆ ಉಪಯೋಗ ಆಗಲಿ.

ಕೆಟ್ಟವರು ಕೆಟ್ಟವರ ಹಾಗೆ ಬರುತ್ತಾರೆ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ನನಗೆ ಬಂದ ಮೆಸೇಜ್ "ಪ್ರೈಸ್ ದ ಲಾರ್ಡ್ ಸಿಸ್ಟರ್" ಅಂತ ಶುರುವಾಯಿತು. ಪ್ರೊಫೈಲ್ ಫೋಟೋದಲ್ಲಿ ಶಿಲುಬೆ. ಪ್ರಾರ್ಥನಾ ಗುಂಪಿನ ಹೆಸರು. ದಿನಾ ಬೆಳಿಗ್ಗೆ ಒಂದು ಬೈಬಲ್ ವಾಕ್ಯ ಬರುತ್ತಿತ್ತು. ಆಮೇಲೆ "ನಿನಗೋಸ್ಕರ ಪ್ರಾರ್ಥನೆ ಮಾಡುತ್ತೇನೆ, ಏನು ಕಷ್ಟ ಇದೆ ಹೇಳು" ಅಂತ. ಮನೆ ನೆನಪಾಗಿ ಅಳು ಬರುತ್ತಿದ್ದ ದಿನಗಳು ಅವು. ಹೇಳಿದೆ. ಆಮೇಲೆ ವಾಟ್ಸಾಪ್ ನಂಬರ್ ಕೇಳಿದರು. ಆಮೇಲೆ ಫೋಟೋ. "ಅಪ್ಪ ಅಮ್ಮನಿಗೆ ಹೇಳಬೇಡ, ಅವರಿಗೆ ಆತ್ಮಿಕ ಸ್ನೇಹ ಅರ್ಥ ಆಗುವುದಿಲ್ಲ" ಅಂದರು. ಆ ಮಾತು ಬಂದಾಗ ನನಗೆ ಹೆದರಿಕೆ ಆಯಿತು.

ನಾನು ಅಮ್ಮನಿಗೆ ಹೇಳಲಿಲ್ಲ, ಚಿಕ್ಕಮ್ಮನಿಗೆ ಹೇಳಿದೆ. ಅವರು "ನೀನ್ಯಾಕೆ ಮಾತಾಡಿದೆ" ಅಂತ ಕೇಳಲೇ ಇಲ್ಲ. "ಊಟ ಆಯ್ತಾ? ಎಲ್ಲ ತೋರಿಸು, ಇಬ್ಬರೂ ಸೇರಿ ನೋಡೋಣ" ಅಂದರು. ವಿಡಿಯೋ ಕಾಲ್‌ನಲ್ಲಿ ಕೂತು ಒಂದೊಂದೇ ಮೆಸೇಜನ್ನು ಸ್ಕ್ರೀನ್‌ಶಾಟ್ ತೆಗೆಸಿದರು. ರಿಪೋರ್ಟ್ ಮಾಡಿಸಿದರು, ಆಮೇಲೆ ಬ್ಲಾಕ್ ಮಾಡಿಸಿದರು. ಅಮ್ಮನಿಗೂ ಅವರೇ ನಿಧಾನವಾಗಿ ಹೇಳಿದರು. ಫೋನ್ ನನ್ನ ಕೈಯಲ್ಲೇ ಉಳಿಯಿತು.

ಟೀಚರ್ ಕೇಳಿದ್ದಕ್ಕೆ ನನ್ನ ಉತ್ತರ ಇದು. ಎಲ್ಲ ಮಕ್ಕಳೂ ಅಪ್ಪ ಅಮ್ಮನಿಗೇ ಹೇಳುತ್ತಾರೆ ಅಂತ ಕಾಯಬೇಡಿ. ಚಿಕ್ಕಮ್ಮ, ಜ್ಞಾನಸ್ನಾನದ ತಾಯಿ (ಗಾಡ್‌ಮದರ್), ಚರ್ಚಿನ ಒಬ್ಬ ಅಕ್ಕ, ಹೀಗೆ ಒಬ್ಬರು ಇರಲಿ. ಹೇಳಿದರೆ ಫೋನ್ ಕಿತ್ತುಕೊಳ್ಳುವುದಿಲ್ಲ ಅಂತ ಮೊದಲೇ ಮಾತು ಕೊಟ್ಟಿರಲಿ.

ನರ್ಸ್, ಭದ್ರಾವತಿ

ಮಗಳೇ, ನೀನು ಬರೆದದ್ದು ತುಂಬಾ ಒಳ್ಳೆಯದಾಯಿತು. ನಿನ್ನ ಚಿಕ್ಕಮ್ಮನಿಗೂ ದೇವರು ಒಳ್ಳೆಯದು ಮಾಡಲಿ.

ಫೋಟೋ ಹೋಗಿಬಿಟ್ಟಿದ್ದರೆ ಏನು ಮಾಡಬೇಕು ಅನ್ನುವುದನ್ನೂ ಎಲ್ಲರೂ ತಿಳಿದುಕೊಳ್ಳಿ. ಹೆದರಿಸಿ ದುಡ್ಡು ಕೇಳಿದರೆ ಕೊಡಬೇಡಿ, ಕೊಟ್ಟರೆ ಮತ್ತೆ ಕೇಳುತ್ತಾರೆ. ಚಾಟ್ ಅಳಿಸಬೇಡಿ, ಅದು ಸಾಕ್ಷಿ. ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್ ಪೋರ್ಟಲ್‌ನಲ್ಲಿ ಮಕ್ಕಳ ವಿಷಯದ ದೂರನ್ನು ಹೆಸರು ಹೇಳದೆಯೂ ಕೊಡಬಹುದು. ಮಕ್ಕಳ ಸಹಾಯವಾಣಿ 1098ಕ್ಕೆ ಮಗುವೇ ಫೋನ್ ಮಾಡಬಹುದು. ಟೇಕ್ ಇಟ್ ಡೌನ್ ಅಂತ ಒಂದು ಉಚಿತ ಸೇವೆ ಇದೆ, ಹದಿನೆಂಟರ ಒಳಗೆ ತೆಗೆದ ಇಂಥ ಫೋಟೋಗಳಿಗಾಗಿಯೇ ಮಾಡಿದ್ದು. ಅಲ್ಲಿ ಫೋಟೋವನ್ನು ಯಾರಿಗೂ ಕಳಿಸಬೇಕಾಗಿಲ್ಲ. ನಮ್ಮ ಫೋನಿನಲ್ಲೇ ಅದರ ಒಂದು ಗುರುತು ತಯಾರಾಗುತ್ತದೆ, ಆ ಗುರುತು ಮಾತ್ರ ಹೋಗುತ್ತದೆ. ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ನಂಥ ಕಂಪನಿಗಳು ಅದನ್ನು ಇಟ್ಟುಕೊಂಡು ಆ ಫೋಟೋ ಹುಡುಕಿ ತೆಗೆಯುತ್ತವೆ.

ಇನ್ನೊಂದು ಮಾತನ್ನು ನಮ್ಮವರು ಮನಸ್ಸಿಟ್ಟು ಕೇಳಬೇಕು. ಮೋಸ ಹೋದ ಮಗು ತಪ್ಪಿತಸ್ಥ ಅಲ್ಲ. 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಹದಿನೆಂಟರ ಒಳಗಿನವರೆಲ್ಲ ಮಕ್ಕಳೇ, ಹೀಗೆ ಫೋಟೋ ಕೇಳಿದವನೇ ಅಪರಾಧಿ. ಅಂಥ ಮಗುವಿಗೆ "ಮೊದಲು ಹೋಗಿ ಪಾಪನಿವೇದನೆ ಮಾಡು" ಅಂದರೆ ಅವನ ಅಪರಾಧವನ್ನು ಇವಳ ತಲೆ ಮೇಲೆ ಹೊರಿಸಿದ ಹಾಗಾಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಪಕ್ಕದಲ್ಲಿ ಕೂರಿ, ಕೈ ಹಿಡಿದುಕೊಳ್ಳಿ.

ಅಜ್ಜ, ಆಗುಂಬೆ ಕಡೆ

ಮಳೆಗಾಲದಲ್ಲಿ ಮೊಮ್ಮಗ ತೋಟಕ್ಕೆ ಹೋಗಿ ಬಂದರೆ ಮೊದಲು ಅವನ ಕಾಲು ನೋಡುತ್ತೇವೆ, ಉಂಬಳ (ಜಿಗಣೆ) ಹತ್ತಿದೆಯಾ ಅಂತ. ಹತ್ತಿದ್ದರೆ ಬೈಯುವುದಿಲ್ಲ, ಉಪ್ಪು ತರುತ್ತೇವೆ. ಫೋನಿನ ವಿಷಯದಲ್ಲೂ ಹಾಗೇ ಇರಬೇಕು ಅಂತ ನನಗನ್ನಿಸುತ್ತದೆ.

ಸಂಡೇ ಸ್ಕೂಲ್ ಅಕ್ಕ, ಸಾಗರ

ಸರಿಯಾಗಿ ಹೇಳಿದಿರಿ ಅಜ್ಜ.

ಹುಡುಗರ ವಿಷಯವನ್ನೂ ಬಿಚ್ಚಿ ಮಾತಾಡೋಣ, ಯಾರೂ ಎತ್ತುವುದಿಲ್ಲ. ಹದಿಮೂರು ಹದಿನಾಲ್ಕರ ಹುಡುಗರು ಅಶ್ಲೀಲ ವಿಡಿಯೋ ನೋಡುತ್ತಾರೆ. ಹುಡುಕಿ ನೋಡುವವರು ಕೆಲವರು. ಕ್ಲಾಸಿನ ವಾಟ್ಸಾಪ್ ಗುಂಪಿನಲ್ಲಿ ಯಾರೋ ಹಾಕಿದ್ದು ಕಣ್ಣಿಗೆ ಬೀಳುವವರು ಹಲವರು. ಗೊತ್ತಾದ ಕೂಡಲೇ ಮನೆಯವರು ಹೊಡೆಯುತ್ತಾರೆ, ಇಲ್ಲವೇ ಮಾತು ಬಿಡುತ್ತಾರೆ. ಹುಡುಗ ತಾನು ಹಾಳಾಗಿ ಹೋದೆ, ದೇವರಿಗೂ ಬೇಡವಾದೆ ಅಂದುಕೊಳ್ಳುತ್ತಾನೆ. ಹಾಗೆ ಅಂದುಕೊಂಡವನು ಬಿಡುವುದಿಲ್ಲ, ಇನ್ನೂ ಒಳಗೆ ಹೋಗುತ್ತಾನೆ.

ತಂದೆ ಮಾತಾಡಿದರೆ ಒಳ್ಳೆಯದು. ಕೂಗಾಡದೆ, ಬೈಕಿನಲ್ಲಿ ಹೋಗುವಾಗಲೋ ಅಡಿಕೆ ಸುಲಿಯುವಾಗಲೋ ಮಾತಾಡಲಿ. ಮುಖ ನೋಡಿಕೊಂಡು ಮಾತಾಡಬೇಕಾಗಿಲ್ಲ, ಅದೇ ಅನುಕೂಲ. ಅಲ್ಲಿ ತೋರಿಸುವುದು ನಟನೆ, ಅದರಲ್ಲಿ ಪ್ರೀತಿ ಇಲ್ಲ, ಎಷ್ಟೋ ಕಡೆ ಆ ಹೆಣ್ಣುಮಕ್ಕಳಿಗೆ ಬಲವಂತ ಇರುತ್ತದೆ ಅಂತ ಹೇಳಲಿ. ದೇಹ ಪವಿತ್ರಾತ್ಮನ ಆಲಯ ಅಂತ ನಾವು ಕಲಿಸುತ್ತೇವಲ್ಲ, ಅದು ಆ ಹೆಣ್ಣಿನ ದೇಹಕ್ಕೂ ಸಲ್ಲುತ್ತದೆ ಅಂತಲೂ ಹೇಳಲಿ. ಹುಡುಗರಿಗೆ ಇದು ಅರ್ಥವಾಗುತ್ತದೆ.

ಅಮ್ಮ, ಕೊಪ್ಪ

ನಮ್ಮ ಮನೆಯಲ್ಲಿ ಮಾಡುವುದನ್ನು ಹೇಳುತ್ತೇನೆ. ನಾವು ಕೊಂಕಣಿಯವರು. ಸಂಜೆ ಏಳೂವರೆಗೆ ತೆರ್ಸ್, ಅಂದರೆ ಮನೆಯವರೆಲ್ಲ ಕೂತು ಮಾಡುವ ಜಪಮಾಲೆ ಪ್ರಾರ್ಥನೆ. ಅಲ್ತಾರಿನ (ಮನೆಯ ದೇವರ ಪೀಠದ) ಕೆಳಗಿನ ಮೇಜಿನ ಪಕ್ಕ ಚಾರ್ಜಿಂಗ್ ಬೋರ್ಡ್ ಹಾಕಿಸಿದ್ದೇವೆ. ತೆರ್ಸ್‌ಗೆ ಕೂರುವ ಮೊದಲು ಎಲ್ಲರ ಫೋನೂ ಅಲ್ಲಿ ಮಗುಚಿ ಇಡಬೇಕು. ಎಲ್ಲರದ್ದೂ ಅಂದರೆ ಎಲ್ಲರದ್ದೂ, ಇವರ ಫೋನೂ ಸೇರಿ. ಅಡಿಕೆ ರೇಟಿನ ಗುಂಪಿನಲ್ಲಿ ಏನು ಬಂದರೂ ಆಮೇಲೆ ನೋಡುವುದು. ಊಟ ಆದ ಮೇಲೆ ಒಂಬತ್ತೂವರೆವರೆಗೆ ಬೇಕಾದವರು ನೋಡಬಹುದು. ಆಮೇಲೆ ಫೋನ್ ಮತ್ತೆ ಅಲ್ಲಿಗೇ ಬರಬೇಕು. ರೂಮಿಗೆ ಹೋಗುವ ಹಾಗಿಲ್ಲ.

ಮಗಳು "ಓದಲು ಬೇಗ ಏಳಬೇಕು, ಅಲಾರಂಗೆ ಫೋನ್ ಬೇಕು" ಅಂದಳು. ಪೇಟೆಯಿಂದ ಅಲಾರಂ ಗಡಿಯಾರ ತಂದುಕೊಟ್ಟೆವು. ಅಪ್ಪನ ಫೋನೂ ಅಲ್ಲೇ ಇರುವುದರಿಂದ ಮಕ್ಕಳು ತಕರಾರು ಮಾಡುವುದಿಲ್ಲ. ನಾನು ಸೀರಿಯಲ್ ನೋಡುತ್ತಾ ಕೂತು ಮಕ್ಕಳಿಗೆ ಹೇಳಿದ್ದರೆ ಯಾರು ಕೇಳುತ್ತಿದ್ದರು?

ನರ್ಸ್, ಭದ್ರಾವತಿ

ಇದನ್ನೇ ಎಲ್ಲರೂ ಮಾಡಿದರೆ ಅರ್ಧ ತೊಂದರೆ ಹೋಗುತ್ತದೆ. ಈ ವಯಸ್ಸಿನವರಿಗೆ ಎಂಟು ಗಂಟೆಗೆ ಕಡಿಮೆ ಇಲ್ಲದ ನಿದ್ದೆ ಬೇಕು. ನಡುರಾತ್ರಿ ಒಂಟಿಯಾಗಿ ಫೋನ್ ಹಿಡಿದುಕೊಂಡಾಗಲೇ ಕೆಟ್ಟದ್ದು ಹೆಚ್ಚು.

ಮಗು ಊಟ ನಿದ್ದೆ ಬಿಟ್ಟು ಫೋನಿಗೇ ಅಂಟಿಕೊಂಡಿದ್ದರೆ, ತೆಗೆದುಕೊಂಡಾಗ ವಿಪರೀತ ಸಿಟ್ಟು ಮಾಡುತ್ತಿದ್ದರೆ ಬರೀ ಉಪವಾಸ ಪ್ರಾರ್ಥನೆ ಅಂತ ಕೂರಬೇಡಿ. ಪ್ರಾರ್ಥನೆಯೂ ಇರಲಿ, ಡಾಕ್ಟರೂ ಇರಲಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕಾಗಿಯೇ ಶಟ್ ಕ್ಲಿನಿಕ್ ಅಂತ 2014ರಿಂದ ಇದೆ. ಅಷ್ಟು ದೂರ ಹೋಗಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಐಸಿವೈಎಂ (ಕ್ಯಾಥೊಲಿಕ್ ಯುವಜನರ ಸಂಘ) ಹುಡುಗ, ಶಿವಮೊಗ್ಗ

ಎಲ್ಲರೂ ಅಪಾಯವನ್ನೇ ಹೇಳುತ್ತಿದ್ದೀರಿ. ಸಂತ ಕಾರ್ಲೊ ಅಕ್ಯೂಟಿಸ್ ಅವರನ್ನೂ ನೆನಪಿಸಿಕೊಳ್ಳೋಣ. 1991ರಲ್ಲಿ ಹುಟ್ಟಿ 2006ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ ಇಟಲಿಯ ಹುಡುಗ. ಹದಿನೈದೇ ವರ್ಷ ವಯಸ್ಸು. ಪರಮಪ್ರಸಾದದ (ಪೂಜೆಯಲ್ಲಿ ಕ್ರಿಸ್ತನ ದೇಹ ಅಂತ ಸ್ವೀಕರಿಸುವ ರೊಟ್ಟಿಯ) ಅದ್ಭುತಗಳ ಮಾಹಿತಿಯನ್ನೆಲ್ಲ ಸೇರಿಸಿ ವೆಬ್‌ಸೈಟ್ ಮಾಡಿದವರು. ವಿಡಿಯೋ ಗೇಮ್ ಇಷ್ಟ ಇದ್ದರೂ ವಾರಕ್ಕೆ ಒಂದು ಗಂಟೆ ಅಂತ ತಾವೇ ಮಿತಿ ಹಾಕಿಕೊಂಡಿದ್ದರು. 2025ರ ಸೆಪ್ಟೆಂಬರ್ 7ರಂದು ಪೋಪ್ ಲಿಯೋ ಅವರನ್ನು ಸಂತ ಎಂದು ಘೋಷಿಸಿದರು. ಜೀನ್ಸ್ ಹಾಕಿದ ಸಂತರ ಫೋಟೋ ನೋಡಿ ನಮ್ಮ ಹುಡುಗರಿಗೆ ಎಷ್ಟು ಖುಷಿ ಗೊತ್ತಾ?

ಇನ್ನೊಂದು ವಿಷಯ, ಕಾಮೆಂಟ್ ಜಗಳ. ನಮ್ಮ ಧರ್ಮದ ಬಗ್ಗೆ ಯಾರೋ ಕೆಟ್ಟದಾಗಿ ಬರೆಯುತ್ತಾರೆ. ನಮ್ಮ ಹುಡುಗರು ದೇವರ ಪರ ಹೋರಾಡುತ್ತೇವೆ ಅಂತ ಅದಕ್ಕಿಂತ ಕೆಟ್ಟದಾಗಿ ಉತ್ತರ ಕೊಡುತ್ತಾರೆ. ನಾಳೆ ಅದೇ ಊರಿನ ಬಸ್ಸಿನಲ್ಲಿ ಒಟ್ಟಿಗೆ ಹೋಗಬೇಕು. ನಾನು ಹುಡುಗರಿಗೆ ಹೇಳುವುದು ಇಷ್ಟೇ: ಉತ್ತರ ಕೊಡಬೇಡ, ಬೆದರಿಕೆ ಇದ್ದರೆ ಸ್ಕ್ರೀನ್‌ಶಾಟ್ ಇಟ್ಟುಕೊಂಡು ದೊಡ್ಡವರಿಗೆ ತೋರಿಸು. ಲೋಕ ಇಂಥ ದಿನ ಮುಗಿಯುತ್ತದೆ ಅಂತ ಹೆದರಿಸುವ ವಿಡಿಯೋಗಳನ್ನೂ ಹಾಗೇ ಬಿಡಬೇಕು. ಅವನ್ನು ನೋಡಿ ನಿದ್ದೆ ಬರದ ಚಿಕ್ಕ ಮಕ್ಕಳಿದ್ದಾರೆ.

ಧರ್ಮೋಪದೇಶ ಟೀಚರ್, ತೀರ್ಥಹಳ್ಳಿ

ಎಲ್ಲರಿಗೂ ಥ್ಯಾಂಕ್ಸ್.

ತಮ್ಮಾ, ಕಾರ್ಲೊ ಅವರ ಮಾತು ಎತ್ತಿದ್ದು ಒಳ್ಳೆಯದಾಯಿತು. 2019ರಲ್ಲಿ ಯುವಜನರಿಗೆ ಬರೆದ ಪತ್ರದಲ್ಲಿ ಪೋಪ್ ಫ್ರಾನ್ಸಿಸ್ ಕೂಡ ಅವರನ್ನು ಹೆಸರಿಸಿದ್ದಾರೆ. ಈ ಮಾಧ್ಯಮಗಳು ನಮ್ಮನ್ನು ಮಂಕು ಮಾಡಿ ಹಿಡಿದಿಡಬಲ್ಲವು ಅನ್ನುವುದು ಕಾರ್ಲೊಗೆ ಚೆನ್ನಾಗಿ ಗೊತ್ತಿತ್ತು ಅಂತ ಅದರಲ್ಲಿದೆ. ಆದರೆ "ಕಾರ್ಲೊ ನೋಡು, ನೀನು ನೋಡು" ಅಂತ ಮಕ್ಕಳಿಗೆ ಹೋಲಿಸಿ ಹೇಳಬೇಡಿ. ಸಂತರ ಹೆಸರು ಕೇಳಿದರೆ ಮಗು ಮುಖ ತಿರುಗಿಸುವ ಹಾಗಾಗುತ್ತದೆ. ವಾರಕ್ಕೆ ಒಂದು ಗಂಟೆ ಅಂತ ಅವರು ತಾವೇ ಹಾಕಿಕೊಂಡದ್ದು, ಯಾರೋ ಹಾಕಿದ್ದಲ್ಲ. ನನಗೆ ಅದೇ ಮುಖ್ಯ ಅನ್ನಿಸುತ್ತದೆ.

ಈಸ್ಟರ್‌ಗೆ ಮೊದಲಿನ ತಪಸ್ಸುಕಾಲದಲ್ಲಿ ಇನ್‌ಸ್ಟಾಗ್ರಾಂ ಬಿಡುವ ಮಕ್ಕಳೂ ಇದ್ದಾರೆ. ಅವರ ಮನಸ್ಸು ದೊಡ್ಡದು. ಆದರೆ ಪುನರುತ್ಥಾನದ (ಈಸ್ಟರ್) ರಾತ್ರಿ ಪೂಜೆ ಮುಗಿಸಿ ಬಂದು ಬೆಳಗಿನವರೆಗೆ ನೋಡಿದರೆ ಪ್ರಯೋಜನ ಕಡಿಮೆ. ಅದಕ್ಕಿಂತ ಕೊಪ್ಪದ ಅಕ್ಕನ ಮನೆಯ ಹಾಗೆ ವರ್ಷವಿಡೀ ನಡೆಯುವ ಒಂದು ಸಣ್ಣ ನಿಯಮ ಮೇಲು.

ನಾನು ಇವತ್ತು ಫಾದರ್ ಹತ್ತಿರ ಮಾತಾಡಿದೆ. ಒಂದು ಭಾನುವಾರ ಪೂಜೆ ಆದ ಮೇಲೆ ಹಾಲ್ ಕೊಡುತ್ತಾರಂತೆ. ಭಾಷಣ ಬೇಡ ಅಂದುಕೊಂಡಿದ್ದೇವೆ. ತಂದೆತಾಯಿ, ಮಗು ಅಕ್ಕಪಕ್ಕ ಕೂತು ಹುಟ್ಟಿದ ವರ್ಷ ಸರಿ ಮಾಡುವುದು, ಫೋನ್ ರಾತ್ರಿ ಎಲ್ಲಿಡುವುದು ಅಂತ ಮಾತಾಡಿಕೊಳ್ಳುವುದು. ಕೊನೆಗೆ ಮಗು "ಏನಾದರೂ ಆದರೆ ನಾನು ಇವರಿಗೆ ಹೇಳುತ್ತೇನೆ" ಅಂತ ಮನೆಯ ಹೊರಗಿನ ಒಬ್ಬರ ಹೆಸರು ಹೇಳಬೇಕು. ಆ ಹೆಸರಿನವರ ಹತ್ತಿರ ನಾನೇ ಹೋಗಿ ಮಾತಾಡುತ್ತೇನೆ. ಹೇಗೆ ಕೇಳಿಸಿಕೊಳ್ಳಬೇಕು, ಯಾವಾಗ ತಂದೆತಾಯಿಗೂ ಪೊಲೀಸರಿಗೂ ತಿಳಿಸಲೇಬೇಕು ಅಂತ ಅವರಿಗೂ ಗೊತ್ತಿರಬೇಕಲ್ಲ.

ಶಿವಮೊಗ್ಗದ ಅಣ್ಣ, ಅವತ್ತು ನೀವು ಬರಲು ಆಗುತ್ತದಾ? ಭದ್ರಾವತಿಯ ಸಿಸ್ಟರ್, ನೀವೂ ಬಂದರೆ ನಂಬರ್‌ಗಳನ್ನು ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸೋಣ.

ಮೊಬೈಲ್ ಅಂಗಡಿ ಅಣ್ಣ, ಶಿವಮೊಗ್ಗ

ಖಂಡಿತ ಬರುತ್ತೇನೆ ಟೀಚರ್, ಭಾನುವಾರ ಮಧ್ಯಾಹ್ನದವರೆಗೆ ಅಂಗಡಿ ಬಂದ್. ಮನೆಯಿಂದ ಬರುವಾಗಲೇ ಎಲ್ಲರೂ ಜಿಮೇಲ್ ಪಾಸ್‌ವರ್ಡ್ ನೆನಪು ಮಾಡಿಕೊಂಡು ಬರಲಿ, ಅದಕ್ಕೇ ಜಾಸ್ತಿ ಹೊತ್ತು ಹೋಗುವುದು. ಹಾಲ್‌ನಲ್ಲಿ ವೈಫೈ ಇದೆಯಾ?

ನರ್ಸ್, ಭದ್ರಾವತಿ

ಡ್ಯೂಟಿ ಬದಲಾಯಿಸಿಕೊಂಡು ಬರುತ್ತೇನೆ. ಚಾರ್ಟ್ ಶೀಟ್ ನಾನೇ ತರುತ್ತೇನೆ.

ತೋಟದ ಮನೆ ಅಪ್ಪ, ಹೊಸನಗರ

ಬೇರೆ ಚರ್ಚಿನವರೂ ಬರಬಹುದಾ ಟೀಚರ್? ಮಗನನ್ನೂ ಕರೆದುಕೊಂಡು ಬರುತ್ತೇನೆ.

ಧರ್ಮೋಪದೇಶ ಟೀಚರ್, ತೀರ್ಥಹಳ್ಳಿ

ಬನ್ನಿ ಸರ್, ಧಾರಾಳವಾಗಿ ಬನ್ನಿ. ಸಾಗರದ ಅಕ್ಕನೂ ತಮ್ಮ ಸಂಡೇ ಸ್ಕೂಲ್ ಮಕ್ಕಳ ಜೊತೆ ಬರಲಿ. ವೈಫೈ ಫಾದರ್ ಮನೆಯಲ್ಲಿದೆ, ಹಾಲ್‌ವರೆಗೆ ಸಿಗುತ್ತದೆ. ತಾರೀಕು ಗೊತ್ತಾದ ಕೂಡಲೇ ಇಲ್ಲೇ ಹಾಕುತ್ತೇನೆ.